ಬಿಡಿ ಲೇಖನಗಳಿಂದ ಮಹಾಪ್ರಬಂಧ

ಕನ್ನಡ ಸಂಶೋಧನೆಯ ಬಹುಭಾಗ ಬೆಳೆದುದು ಬಿಡಿ ಲೇಖನಗಳಲ್ಲಿ. ಮಂಜೇಶ್ವರದ ಗೋವಿಂದ ಪೈ (1883–1963) ಅವರು ಪದವಿಗಾಗಿ ಮಹಾಪ್ರಬಂಧ ಬರೆದವರಲ್ಲ. ಶಾಸನ, ಕಾಲನಿರ್ಣಯ, ತುಳುನಾಡಿನ ಇತಿಹಾಸಗಳನ್ನು ಕುರಿತ ಅವರ ಶೋಧಗಳು ಲೇಖನರೂಪದಲ್ಲಿಯೇ ಹೊರಬಂದವು. ಎಂ.ಎಂ. ಕಲಬುರ್ಗಿಯವರು ‘ಕವಿರಾಜಮಾರ್ಗ ಪರಿಸರದ ಕನ್ನಡ ಸಾಹಿತ್ಯ’ವನ್ನು ಕುರಿತು ಮಹಾಪ್ರಬಂಧ ರಚಿಸಿದರೂ ಅವರ ವಿದ್ವತ್ತಿನ ಹರಹು ತಿಳಿಯುವುದು ‘ಮಾರ್ಗ’ ಸಂಪುಟಗಳ ಬಿಡಿ ಲೇಖನಗಳಿಂದ. ಹೀಗಿರುವಾಗ, ಪ್ರಕಟಿತ ಲೇಖನಗಳನ್ನೇ ಆಧರಿಸಿ ಪಿಎಚ್.ಡಿ. ಪಡೆಯಬಹುದೆ ಎಂಬ ಪ್ರಶ್ನೆ ಸಹಜವಾದುದು. ಗೋರೆಗಾಂವ್‌ನಂಥ ಉಪನಗರದಿಂದ ದಿನವೂ ಲೋಕಲ್ ರೈಲಿನಲ್ಲಿ ಕಚೇರಿಗೆ ಹೋಗಿಬರುತ್ತ, ಬಿಡುವಿನಲ್ಲಿ ಬರೆಯುವ ಕನ್ನಡಿಗರಿಗೆ ಇದು ಕೇವಲ ತಾತ್ತ್ವಿಕ ಪ್ರಶ್ನೆಯಲ್ಲ.

ಸ್ವೀಡನ್ ಮೊದಲಾದ ದೇಶಗಳಲ್ಲಿ ಲೇಖನಗಳ ಸಂಕಲನಕ್ಕೆ ವಿಸ್ತಾರವಾದ ಪೀಠಿಕೆಯನ್ನು ಜೋಡಿಸಿ ಮಹಾಪ್ರಬಂಧವಾಗಿ ಒಪ್ಪಿಸುವ ಕ್ರಮ ರೂಢಿಯಲ್ಲಿದೆ. ಅರ್ಥಶಾಸ್ತ್ರದಲ್ಲಿ ಪರಸ್ಪರ ಸಂಬಂಧವುಳ್ಳ ಮೂರು ಪ್ರಬಂಧಗಳಿಂದ ಒಂದು ಮಹಾಪ್ರಬಂಧ ಕಟ್ಟುವುದು ಜಗತ್ತಿನೆಲ್ಲೆಡೆ ಪರಿಚಿತ. ರಿಸರ್ವ್ ಬ್ಯಾಂಕು 1987ರಲ್ಲಿ ಸ್ಥಾಪಿಸಿದ, ಗೋರೆಗಾಂವ್ ಪೂರ್ವದಲ್ಲಿರುವ ಇಂದಿರಾ ಗಾಂಧಿ ಅಭಿವೃದ್ಧಿ ಸಂಶೋಧನ ಸಂಸ್ಥೆಯಲ್ಲಿಯೂ ಇಂಥ ಮಹಾಪ್ರಬಂಧಗಳು ಸಿದ್ಧವಾಗಿವೆ. ಆದ್ದರಿಂದ ಈ ಕ್ರಮ ನಮ್ಮ ನೆರೆಗೆ ಅಪರಿಚಿತವೇನಲ್ಲ.

ಆದರೆ ಲೇಖನಗಳನ್ನು ಒಂದೇ ರಟ್ಟಿನೊಳಗೆ ಹೊಲಿದ ಮಾತ್ರಕ್ಕೆ ಅವು ಮಹಾಪ್ರಬಂಧವಾಗುವುದಿಲ್ಲ. ಮೊದಲನೆಯದಾಗಿ, ಅವೆಲ್ಲವೂ ಒಂದೇ ಮೂಲಪ್ರಶ್ನೆಗೆ ಉತ್ತರಿಸಬೇಕು. ಮುಂಬಯಿಯ ಕನ್ನಡ ರಾತ್ರಿಶಾಲೆ, ರಂಗಭೂಮಿ, ಸಂಘಗಳ ಸ್ಮರಣ ಸಂಚಿಕೆ ಇವನ್ನು ಕುರಿತ ಮೂರು ಲೇಖನಗಳಿವೆಯೆನ್ನೋಣ. ವಲಸೆ ಬಂದ ಸಮುದಾಯ ತನ್ನ ಭಾಷೆಯನ್ನು ಉಳಿಸಿಕೊಂಡ ಬಗೆ ಯಾವುದೆಂಬ ಪ್ರಶ್ನೆ ಅವುಗಳನ್ನು ಬೆಸೆದರೆ ಮಾತ್ರ ಅಲ್ಲೊಂದು ಸಿದ್ಧಾಂತ ಮೂಡೀತು. ಎರಡನೆಯದಾಗಿ, ಆ ಪ್ರಶ್ನೆಯನ್ನೂ ಪೂರ್ವಸೂರಿಗಳ ಕಾರ್ಯವನ್ನೂ ವಿಧಾನವನ್ನೂ ವಿವರಿಸುವ ಪೀಠಿಕೆ, ಫಲಿತಗಳನ್ನು ಒಗ್ಗೂಡಿಸುವ ಉಪಸಂಹಾರ ಹೊಸದಾಗಿ ರಚಿತವಾಗಬೇಕು. ಮೂರನೆಯದಾಗಿ, ಲೇಖನಗಳು ವಿದ್ವಾಂಸರ ಪರಿಶೀಲನೆಗೆ ಒಳಗಾಗಿರಬೇಕು. ಸಹಲೇಖಕರಿದ್ದರೆ ಅಭ್ಯರ್ಥಿಯ ಪಾಲೆಷ್ಟೆಂಬುದು ಸ್ಪಷ್ಟವಾಗಬೇಕು. ತನ್ನದೇ ಬರಹವನ್ನಾದರೂ ಮೊದಲ ಪ್ರಕಟಣೆಯ ವಿವರ ನೀಡದೆ ಮತ್ತೆ ಬಳಸುವುದು ಸಲ್ಲದೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ 2020ರಲ್ಲಿ ತಿಳಿಸಿದೆ.

ನಮ್ಮ ದೇಶದ ನಿಯಮಗಳತ್ತ ಗಮನ ಹರಿಸುವುದು ಅವಶ್ಯ. ಆಯೋಗದ 2016ರ ನಿಯಮಾವಳಿಯು ಮಹಾಪ್ರಬಂಧ ಒಪ್ಪಿಸುವ ಮೊದಲು ಒಂದು ಲೇಖನವಾದರೂ ಪ್ರಕಟವಾಗಿರಬೇಕೆಂದು ವಿಧಿಸಿತ್ತು. 2022ರ ನಿಯಮಾವಳಿ ಆ ಕಡ್ಡಾಯವನ್ನು ಕೈಬಿಟ್ಟಿತು. ಹಾಗೆಂದು ಪ್ರಕಟಿತ ಲೇಖನಗಳು ಉಳಿದ ಹಂತಗಳಿಗೆ ಬದಲಿಯಾಗಲಿಲ್ಲ. ನೋಂದಣಿ, ಕನಿಷ್ಠ 12 ಕ್ರೆಡಿಟ್‌ಗಳ ವ್ಯಾಸಂಗ, ಕನಿಷ್ಠ ಮೂರು ವರ್ಷಗಳ ಅವಧಿ, ಇಬ್ಬರು ಹೊರಗಿನ ಪರೀಕ್ಷಕರ ವರದಿ, ಮೌಖಿಕ ಪರೀಕ್ಷೆ ಇವೆಲ್ಲ ಇದ್ದೇ ಇವೆ. ಉದ್ಯೋಗಸ್ಥರಿಗೆ, ಮೇಲಧಿಕಾರಿಗಳ ನಿರಾಕ್ಷೇಪಣ ಪತ್ರದೊಡನೆ, ಅರೆಕಾಲಿಕ ಅಧ್ಯಯನದ ಅವಕಾಶವೂ ಇದೆ. ಪ್ರಕಟಿತ ಲೇಖನಗಳನ್ನು ಅಧ್ಯಾಯಗಳಾಗಿ ಸೇರಿಸಬಹುದೆ, ಯಾವ ರೂಪದಲ್ಲಿ ಎಂಬುದನ್ನು ಆಯಾ ವಿಶ್ವವಿದ್ಯಾಲಯದ ನಿಯಮದಲ್ಲಿ ನೋಡಿ, ಮಾರ್ಗದರ್ಶಕರೊಡನೆ ಮೊದಲೇ ನಿಶ್ಚಯಿಸಿಕೊಳ್ಳುವುದು ಕ್ಷೇಮ.

ಇಲ್ಲಿ ಕನ್ನಡಕ್ಕೇ ವಿಶಿಷ್ಟವಾದ ಒಂದು ತೊಡಕುಂಟು. ‘ಪ್ರಬುದ್ಧ ಕರ್ನಾಟಕ’, ‘ಕರ್ನಾಟಕ ಭಾರತಿ’ಗಳಂಥ ವಿದ್ವತ್ಪತ್ರಿಕೆಗಳ ಪರಂಪರೆ ನಮಗಿದ್ದರೂ ಅವುಗಳ ಸಂಖ್ಯೆ ಅಲ್ಪ. ಮುಂಬಯಿ ಕನ್ನಡಿಗರ ಇತಿಹಾಸದ ಮೌಲಿಕ ಸಾಮಗ್ರಿ ಹೆಚ್ಚಾಗಿ ಅಡಗಿರುವುದು ಸಂಘಸಂಸ್ಥೆಗಳ ಸಂಚಿಕೆಗಳಲ್ಲಿ. ಪ್ರಕಟವಾದ ಸ್ಥಳವನ್ನಷ್ಟೇ ಅಳತೆಗೋಲಾಗಿಸಿದರೆ ಇಂಥ ಬರಹದ ಸತ್ತ್ವ ಲೆಕ್ಕಕ್ಕೇ ಬಾರದು. ಅಳತೆಗೋಲನ್ನೇ ಬಿಟ್ಟರೆ ಪದವಿಯ ಬೆಲೆ ಇಳಿದೀತು. ಆದುದರಿಂದ ಸಂಚಿಕೆಯ ಲೇಖನವನ್ನು ಸಿದ್ಧ ಅಧ್ಯಾಯವೆಂದು ಭಾವಿಸದೆ ಆಕರವೆಂದು ತಿಳಿದು, ಆಧಾರಗಳಿಂದ ಪುಷ್ಟಿಗೊಳಿಸಿ, ಮತ್ತೊಮ್ಮೆ ವಿದ್ವಾಂಸರ ಮುಂದಿಡುವುದೇ ಸರಿಯಾದ ದಾರಿ. ಪದವಿ ಬಯಸುವವರು ಮೊದಲ ಲೇಖನ ಬರೆಯುವಾಗಲೇ ಕೊನೆಯ ಅಧ್ಯಾಯದ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಶ್ರಮ ವ್ಯರ್ಥವಾಗದು.