ಪವಿತ್ರ ಕುಟುಂಬದ ಹಬ್ಬ: ಹೆತ್ತವರನ್ನು ಸೇರುವ ದಾರಿ



ಕ್ರಿಸ್‌ಮಸ್ ನಂತರದ ಭಾನುವಾರ ಪವಿತ್ರ ಕುಟುಂಬದ ಹಬ್ಬ. ಹೆರೋದನಿಗೆ ಹೆದರಿ ರಾತ್ರೋರಾತ್ರಿ ಈಜಿಪ್ಟಿಗೆ ಹೊರಟ ಬಾಲಯೇಸುವಿಗೆ ಒಂದು ಭಾಗ್ಯವಿತ್ತು. ತಾಯಿ ಮರಿಯಮ್ಮ, ಸಾಕುತಂದೆ ಜೋಸೆಫರು ಇಬ್ಬರೂ ಜೊತೆಗಿದ್ದರು. ಇಂದಿನ ಎಷ್ಟೋ ನಿರಾಶ್ರಿತ ಮಕ್ಕಳಿಗೆ ಆ ಭಾಗ್ಯವಿಲ್ಲ.

ಇದು ದೂರದೇಶದ ಮಾತೆಂದು ತಿಳಿಯಬೇಡಿ. ಹರದನಹಳ್ಳಿಯಿಂದ ಚಾಮರಾಜನಗರ, ಯಳಂದೂರು, ಕೊಳ್ಳೇಗಾಲ ದಾಟಿ ಹನೂರಿನ ಕಡೆಗೆ ಹೋದರೆ ಒಡೆಯರಪಾಳ್ಯದ ಟಿಬೆಟನ್ ಕ್ಯಾಂಪ್ ಇದೆ. ಮಾರ್ಟಳ್ಳಿ ಕಡೆ ನೆಂಟಸ್ತಿಕೆ ಇರುವವರು ಅದನ್ನು ಬಲ್ಲರು. 1970ರ ದಶಕದಲ್ಲಿ ನೆಲೆಗೊಂಡ ಈ ಜನ ಮುಸುಕಿನ ಜೋಳ ಬೆಳೆದು ಬದುಕು ಕಟ್ಟಿಕೊಂಡರು. ಬೈಲುಕುಪ್ಪೆ, ಹುಣಸೂರಿನ ಗುರುಪುರ, ಮುಂಡಗೋಡಗಳಲ್ಲೂ ಇಂಥ ನೆಲೆಗಳಿವೆ.

1980ರ ನಂತರ ಟಿಬೆಟಿನ ಅನೇಕ ತಂದೆತಾಯಿಯರು ಮಕ್ಕಳನ್ನಷ್ಟೇ ಭಾರತದ ಶಾಲೆಗಳಿಗೆ ಕಳುಹಿಸಿದರು. ಹಣ ಪಡೆದ ದಾರಿತೋರುಗನ ಹಿಂದೆ ಆ ಮಕ್ಕಳು ಹಿಮಾಲಯದ ಮಂಜಿನಲ್ಲಿ ನಡೆದರು. ಚಳಿಗೆ ಕಾಲ್ಬೆರಳು ಕಳೆದುಕೊಂಡವರಿದ್ದಾರೆ. 2006ರ ಸೆಪ್ಟೆಂಬರ್ 30ರಂದು ನಂಗ್ಪಾ ಲಾ ಕಣಿವೆದಾರಿಯಲ್ಲಿ ಚೀನಾದ ಗಡಿ ಕಾವಲುಗಾರರು ಇಂಥ ಒಂದು ಗುಂಪಿನ ಮೇಲೆ ಗುಂಡು ಹಾರಿಸಿದಾಗ ಹದಿನೇಳರ ಸನ್ಯಾಸಿನಿಯೊಬ್ಬಳು ಪ್ರಾಣ ಬಿಟ್ಟಳು. ಸುರಕ್ಷಿತವಾದ, ಕಾನೂನುಬದ್ಧವಾದ ದಾರಿ ಏಕೆ ಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಸ್ವಲ್ಪ ಮಟ್ಟಿನ ದಾರಿ ಇತ್ತು. ಕಠ್ಮಂಡು ತಲುಪಿದವರನ್ನು ನೇಪಾಳ ಸರ್ಕಾರ ಹಿಂದಕ್ಕಟ್ಟದೆ ಭಾರತಕ್ಕೆ ಬಿಡುವಂತೆ ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿಯೊಡನೆ ಬಾಯಿಮಾತಿನ ಒಪ್ಪಂದವಿತ್ತು. 2003ರಿಂದ ಅಲ್ಲಿನ ಭಾರತೀಯ ರಾಯಭಾರ ಕಚೇರಿ ವಿಶೇಷ ಪ್ರವೇಶ ಪರವಾನಗಿ ಕೊಡತೊಡಗಿತು. ಆದರೆ ಅದು ಒಳಬರುವ ದಾರಿ; ಬಂದ ಮಗು ರಜೆಗೆ ಊರಿಗೆ ಹೋಗಿ ಅಮ್ಮನನ್ನು ನೋಡಿ ಬರುವ ದಾರಿಯಲ್ಲ. 2008ರ ನಂತರ ಗಡಿ ಬಿಗಿಯಾಗಿ, ಬರುವವರ ಸಂಖ್ಯೆ ಸಾವಿರಗಳಿಂದ ಕೆಲವೇ ಮಂದಿಗೆ ಇಳಿಯಿತು. ಫೋನಿನಲ್ಲಿ ಮುಖ ನೋಡಲು ಬಹಳ ಮಂದಿ ನೆಚ್ಚಿದ್ದ ವೀಚಾಟ್ ಕೂಡ 2020ರ ಜೂನಿನಲ್ಲಿ ನಮ್ಮಲ್ಲಿ ನಿಷೇಧವಾಯಿತು. ನಿಷೇಧಕ್ಕೆ ದೇಶದ ಭದ್ರತೆಯ ಕಾರಣವಿತ್ತು, ನಿಜ. ತಾಯಿಯ ದನಿ ಮಾತ್ರ ಕೇಳದಾಯಿತು.

ಇನ್ನೊಂದು ಬಗೆಯ ಅಗಲಿಕೆಯೂ ಇದೆ. 1990ರ ಕಾಯಿದೆಯಂತೆ ಅಮೆರಿಕವು ಭಾರತ ಮತ್ತು ನೇಪಾಳದಲ್ಲಿದ್ದ 1000 ಟಿಬೆಟನ್ನರಿಗೆ ವೀಸಾ ಕೊಟ್ಟಿತು. ಹೋದವರು ಒಬ್ಬೊಬ್ಬರೇ ಹೋದರು; ಹೆಂಡತಿ ಮಕ್ಕಳು ವರ್ಷಗಟ್ಟಲೆ ಕಾದು ನಂತರ ಸೇರಿದರು. ಅಲ್ಲಿ ನಿರಾಶ್ರಿತರ ಸ್ಥಾನ ಅಥವಾ ಆಶ್ರಯ ಪಡೆದವರು ಈಗಿನ ಕಾನೂನಿನಂತೆ ಎರಡು ವರ್ಷದೊಳಗೆ, 21 ತುಂಬದ ಅವಿವಾಹಿತ ಮಕ್ಕಳಿಗಾಗಿ ಅರ್ಜಿ ಹಾಕಬೇಕು. ಅವಧಿ ಮೀರಿದರೆ ದಾರಿ ಬಹಳ ಉದ್ದವಾಗುತ್ತದೆ. ಈ ಕಡೆಯಿಂದ ಹೊರಡುವ ಮಗುವಿಗೆ ಪಾಸ್‌ಪೋರ್ಟಿನ ಬದಲಿಗೆ ಗುರುತಿನ ಪ್ರಮಾಣಪತ್ರ ಎಂಬ ಹಳದಿ ಪುಸ್ತಕ ಬೇಕು, ದೇಶ ಬಿಡುವ ಅನುಮತಿಯೂ ಬೇಕು.

ಭಾರತ 1951ರ ನಿರಾಶ್ರಿತರ ಒಡಂಬಡಿಕೆಗೆ ಸೇರಿಲ್ಲ. ಆದರೆ 1992ರಲ್ಲಿ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಸೇರಿದೆ. ಅದರ 10ನೇ ವಿಧಿಯ ಪ್ರಕಾರ ಕುಟುಂಬ ಸೇರಲು ಹಾಕಿದ ಅರ್ಜಿಯನ್ನು ಮಾನವೀಯವಾಗಿ, ತಡಮಾಡದೆ ನೋಡಬೇಕು. ಹಿಂದೆ ಬಿದ್ದಿರುವುದು ಈ ‘ತಡಮಾಡದೆ’ ಎಂಬ ಮಾತೇ.

ಸಾಧ್ಯವೆಂದು ತೋರಿಸಿದವರೂ ಉಂಟು. ಸಂತ ಎಜಿದಿಯೋ ಸಮುದಾಯ ಮತ್ತು ಇಟಲಿಯ ಪ್ರೊಟೆಸ್ಟೆಂಟ್ ಸಭೆಗಳು ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡು 2016ರಿಂದ ಸಿರಿಯಾದ ಕುಟುಂಬಗಳನ್ನು ಲೆಬನಾನಿನಿಂದ ವೀಸಾ ಸಮೇತ ವಿಮಾನದಲ್ಲಿ ಕರೆತಂದವು. ಮರುವರ್ಷ, 2017ರ ವಲಸಿಗರ ದಿನದ ಸಂದೇಶವನ್ನು ಪೋಪ್ ಫ್ರಾನ್ಸಿಸರು ವಲಸೆ ಮಕ್ಕಳಿಗೇ ಮೀಸಲಿಟ್ಟರು.

ನಮ್ಮ ಕೈಲಾಗುವುದು ಸಣ್ಣದು, ಆದರೂ ಹೇಳುತ್ತೇನೆ. 1969ರ ಜನನ ಮರಣ ನೋಂದಣಿ ಕಾಯಿದೆ ಇಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಅನ್ವಯಿಸುತ್ತದೆ. ತಂದೆತಾಯಿ ಯಾವ ದೇಶದವರೆಂಬುದು ಅಡ್ಡಿಯಲ್ಲ. ಜನನವನ್ನು 21 ದಿನದೊಳಗೆ ಬರೆಸಬೇಕು. ನಾಳೆ ವೀಸಾ ಕೇಳಿದಾಗ ಇಂಥವರ ಮಗು ಇದು ಎಂದು ಮೊದಲು ತೋರಿಸಬೇಕಾದ ಕಾಗದ ಅದೇ. ಕಚೇರಿಯ ಕನ್ನಡ ತಿಳಿಯದ ನೆರೆಯವರಿಗೆ ಆ ಅರ್ಜಿ ತುಂಬಿಕೊಡಲು ನಮ್ಮ ಧರ್ಮಕೇಂದ್ರದ ಯುವಜನರಿಗೆ ಅರ್ಧ ಗಂಟೆ ಸಾಕು.