ಹುರುಪಿನವನ ಜೊತೆಗಾರರು

ಮುಂಬಯಿಯ ಒಂದು ಖೋಲಿಯಲ್ಲಿ ನಾವು ಆರು ಮಂದಿ ಪಾಲು ಹಾಕಿ ವಾಸವಾಗಿದ್ದ ಕಾಲದಲ್ಲಿ ನಮ್ಮಲ್ಲೊಬ್ಬ ವಿಚಿತ್ರ ಗೆಳೆಯನಿದ್ದನು. ಹಗಲೆಲ್ಲ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ದುಡಿಯುವವನು. ರಾತ್ರಿ ಹನ್ನೊಂದಕ್ಕೆ ನಾವೆಲ್ಲ ಚಾಪೆ ಬಿಚ್ಚುವ ಹೊತ್ತಿಗೆ ಅವನಿಗೆ ಬೆಳಗಾಗುತ್ತಿತ್ತು. ಒಂದು ವಾರ ಸಾಂಗಲಿಯ ಅರಸಿನವನ್ನು ಊರಿಗೆ ಸಾಗಿಸುವ ಯೋಜನೆ. ಮರುವಾರ ಉಡುಪಿಯ ಮಲ್ಲಿಗೆಯನ್ನು ಮುಂಬಯಿಗೆ ತರಿಸುವ ಯೋಜನೆ. ಅಡ್ಡಿಗಳನ್ನು ನಾವು ಹೇಳಿದಷ್ಟೂ ಅವನ ಕಣ್ಣುಗಳು ಹೆಚ್ಚೆಚ್ಚು ಹೊಳೆಯುತ್ತಿದ್ದವು.

ಒಮ್ಮೆ ಹಲಸಿನ ಹಪ್ಪಳದ ವ್ಯಾಪಾರಕ್ಕೆಂದು ನಮ್ಮೆಲ್ಲರಿಂದಲೂ ಹಣ ಕೂಡಿಸಿದನು. ಮಳೆಗಾಲದ ತೇವಕ್ಕೆ ಹಪ್ಪಳವೆಲ್ಲ ಬೂಷ್ಟು ಹಿಡಿಯಿತು. ಊರಿಗೆ ಕಳುಹಿಸಬೇಕಾಗಿದ್ದ ಮನಿಯಾರ್ಡರು ಆ ತಿಂಗಳು ನಮ್ಮಲ್ಲಿ ಇಬ್ಬರಿಂದ ಹೋಗಲಿಲ್ಲ. ನಾವು ಮುಖ ಗಂಟಿಕ್ಕಿಕೊಂಡು ಕುಳಿತಿದ್ದರೆ ಅವನು, "ಹೋಗಲಿ ಮಾರಾಯ್ರೆ, ಗೋಣಿಯಲ್ಲಿ ಕಟ್ಟಿದ್ದೇ ತಪ್ಪು, ಮುಂದಿನ ಸಲ ಡಬ್ಬದಲ್ಲಿ ತರಿಸುವ" ಎಂದನು! ಅಂದಿನಿಂದ ಬಹಳ ದಿನ ನಾವು ಅವನನ್ನು ಹೊಣೆಗೇಡಿ ಎಂದೇ ಎಣಿಸಿದ್ದೆವು.

ಇಂಥ ಸ್ವಭಾವವನ್ನು ಕುರಿತು ಮನಶ್ಶಾಸ್ತ್ರಜ್ಞರು ಸಾಕಷ್ಟು ಶೋಧಿಸಿದ್ದಾರೆ. ಅಮೆರಿಕದ ಮಾರ್ವಿನ್ ಜುಕರ್‌ಮನ್ ಎಂಬವರು 1964ರಲ್ಲಿ ಇದನ್ನು ಅಳೆಯುವುದಕ್ಕೆ ಒಂದು ಪ್ರಶ್ನಾವಳಿಯನ್ನೇ ರಚಿಸಿದರು. ಮುಂದೆ ಅವರು ಇದರಲ್ಲಿ ನಾಲ್ಕು ಎಳೆಗಳನ್ನು ಗುರುತಿಸಿದರು: ಮೈನವಿರೇಳಿಸುವ ಸಾಹಸದ ಆಸೆ, ಹೊಸ ಅನುಭವಗಳ ಹಸಿವು, ಕಟ್ಟುಪಾಡನ್ನು ಸಡಿಲಿಸುವ ಚಪಲ, ಬೇಸರವನ್ನು ತಾಳಲಾರದ ಗುಣ. ಈ ಕೊನೆಯ ಎಳೆಯೇ ನಮಗೆ ಮುಖ್ಯವೆಂದು ತೋರುತ್ತದೆ. ಅವನನ್ನು ಓಡಿಸುತ್ತಿರುವುದು ಮುಂದಿನ ಲಾಭವೊಂದೇ ಅಲ್ಲ, ಹಿಂದಿನಿಂದ ಅಟ್ಟಿಕೊಂಡು ಬರುವ ಬೇಸರವೂ ಹೌದು. ದಿನಕ್ಕೆ ಹತ್ತು ಗಂಟೆ ಚಿಲ್ಲರೆ ಎಣಿಸುವವನಿಗೆ ಆ ಬೇಸರ ಎಷ್ಟಿರಬೇಡ! ಇನ್ನು, ತನಗೆ ಒಳ್ಳೆಯದೇ ಆದೀತೆಂಬ ನಂಬಿಕೆ ಅವನೊಬ್ಬನದಲ್ಲ. 1980ರಲ್ಲಿ ನೀಲ್ ವೈನ್‌ಸ್ಟೀನ್ ಎಂಬವರು ಕಾಲೇಜು ವಿದ್ಯಾರ್ಥಿಗಳನ್ನು ಪ್ರಶ್ನಿಸಿದಾಗ, ಶುಭವು ಇತರರಿಗಿಂತ ತಮಗೆ ಹೆಚ್ಚಾಗಿಯೂ ಅಶುಭವು ಕಡಿಮೆಯಾಗಿಯೂ ಒದಗೀತೆಂದೇ ಒಟ್ಟಿನಲ್ಲಿ ಅವರು ಭಾವಿಸಿದ್ದುದು ಕಂಡುಬಂದಿತು. ನಮ್ಮೆಲ್ಲರಲ್ಲಿಯೂ ಇರುವುದು ಅವನಲ್ಲಿ ಒಂದು ಹಿಡಿ ಹೆಚ್ಚು, ಅಷ್ಟೆ.

ಕನ್ನಡಿಗರಿಗೆ ಈ ಮಾತನ್ನು ತಿಳಿಸಲು ಕೋಟದ ಶಿವರಾಮ ಕಾರಂತರಿಗಿಂತ ದೊಡ್ಡ ನಿದರ್ಶನ ಬೇಡ. 1902ರಲ್ಲಿ ಹುಟ್ಟಿದ ಅವರು ಗಾಂಧೀಜಿಯವರ ಕರೆಗೆ ಓಗೊಟ್ಟು ಕಾಲೇಜನ್ನು ತೊರೆದರು. ಪತ್ರಿಕೆ ನಡೆಸಿದರು. ಮೂಕಿ ಚಲಚ್ಚಿತ್ರ ತೆಗೆದರು, ಆ ದಾರಿ ಮುಂದುವರಿಯಲಿಲ್ಲ. ಪುತ್ತೂರಿನಲ್ಲಿ ಮಕ್ಕಳಿಗಾಗಿ ಬಾಲವನ ಕಟ್ಟಿದರು. ಸಮಿತಿಗಳು ಮಾಡಬೇಕಾದ ವಿಶ್ವಕೋಶದ ಕೆಲಸವನ್ನು ಒಬ್ಬರೇ ಹೊತ್ತು ಬಾಲಪ್ರಪಂಚವನ್ನು ಮೂರು ಸಂಪುಟಗಳಲ್ಲಿಯೂ ವಿಜ್ಞಾನ ಪ್ರಪಂಚವನ್ನು ನಾಲ್ಕರಲ್ಲಿಯೂ ತಂದರು. ಯಕ್ಷಗಾನಕ್ಕೆ ಹೊಸ ರೂಪ ಕೊಡಹೊರಟು ಬೈಗುಳವನ್ನೂ ತಿಂದರು. 1989ರಲ್ಲಿ, ಎಂಬತ್ತೇಳನೆಯ ವಯಸ್ಸಿನಲ್ಲಿ, ಪರಿಸರದ ಪ್ರಶ್ನೆಯನ್ನೆತ್ತಿಕೊಂಡು ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತು ಸೋತರು. ತಮ್ಮ ಆತ್ಮಕಥೆಗೆ ಅವರಿಟ್ಟ ಹೆಸರು 'ಹುಚ್ಚು ಮನಸ್ಸಿನ ಹತ್ತು ಮುಖಗಳು'. ತನ್ನ ಹುಚ್ಚನ್ನು ತಾನೇ ಬಲ್ಲವರ ಹೆಸರದು.

ನಮ್ಮ ಗೆಳೆಯನನ್ನು ಕಾರಂತರ ಪಕ್ಕದಲ್ಲಿ ನಿಲ್ಲಿಸಿದರೆ ವಾಚಕರು ನಕ್ಕಾರು, ನಗಲಿ. ಕಾರಂತರು ಹಿಡಿದುದನ್ನು ಬರೆದು ಮುಗಿಸುವ ಛಲವುಳ್ಳವರು. ಇವನು ಮೂರನೆಯ ದಿನಕ್ಕೆ ಬೇರೆ ಹಾದಿ ಹಿಡಿಯುವವನು. ಆದರೂ ನಮಗೆ ತೋಚುವ ಮಾತೊಂದಿದೆ. 1936ರಲ್ಲಿ ಕಾರಂತರ ಕೈಹಿಡಿದ ಲೀಲಾ ಅವರು ಗಂಡನ ನೃತ್ಯರೂಪಕಗಳಲ್ಲಿ ತಾವೂ ಕುಣಿದವರು, ಮನೆಯನ್ನೂ ನಡೆಸಿದವರು. ಸಾಹಸಿಯ ಹೆಸರು ಲೋಕಕ್ಕೆ ಗೊತ್ತಾಗುತ್ತದೆ. ಜೊತೆಗೆ ನಿಂತವರ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ.

ಜೊತೆಗೆ ನಿಲ್ಲುವುದು ಹೇಗೆ? ಹಪ್ಪಳದ ಪ್ರಸಂಗದ ಬಳಿಕ ನಾವು ಮೆಲ್ಲನೆ ಕಲಿತುಕೊಂಡೆವು. 'ಆಗದು' ಎಂದು ಮೊದಲೇ ಬಾಯಿ ಮುಚ್ಚಿಸಿದರೆ ಅವನು ಮುಂದಿನ ಯೋಜನೆಯನ್ನು ನಮ್ಮಿಂದ ಬಚ್ಚಿಡುತ್ತಾನೆ, ಅದು ಇನ್ನೂ ಕೇಡು. ಆದುದರಿಂದ ಪೂರ್ತಿ ಕೇಳಿ, "ಮೊದಲು ಹತ್ತು ಕಿಲೋ ತರಿಸಿ ನೋಡುವ, ಎಷ್ಟು ತಾರೀಕಿನೊಳಗೆ?" ಎಂದು ಕೇಳತೊಡಗಿದೆವು. ಅರ್ಧದಷ್ಟು ಯೋಜನೆಗಳು ಆ ತಾರೀಕಿಗೇ ಕರಗಿ ಹೋಗುತ್ತಿದ್ದವು. ಹೋದರೂ ನೋವಿಲ್ಲದಷ್ಟು ಹಣವನ್ನು ಮಾತ್ರ ಕೊಟ್ಟೆವು, ಲೆಕ್ಕದ ಪುಸ್ತಕವನ್ನು ನಮ್ಮಲ್ಲಿ ಗುಮಾಸ್ತನಾಗಿದ್ದವನ ಕೈಯಲ್ಲಿಟ್ಟೆವು. ಅವನೇನೂ ಮುನಿಯಲಿಲ್ಲ, ಲೆಕ್ಕ ಬರೆಯುವ ಕಾಟ ತಪ್ಪಿತೆಂದು ಸಂತೋಷವೇ ಪಟ್ಟನು. ರವಿವಾರ ಅವನೊಡನೆ ಹೊರಟರೆ ಎಲ್ಲಿಗೆ ಮುಟ್ಟುವೆವೆಂದು ತಿಳಿಯದು, ಆದರೆ ಮುಂಬಯಿಯನ್ನು ನಾವು ನೋಡಿದ್ದು ಅವನ ದೆಸೆಯಿಂದಲೇ.

ತಿಳಿಯಲು ತಡವಾದುದು ಮತ್ತೊಂದು ಸಂಗತಿ. ಅವನ ತಾಯಿ ತೀರಿಕೊಂಡಾಗ ಊರಿಗೆ ಹೋಗಿ ಕ್ರಿಯೆಗಳನ್ನು ಮುಗಿಸಿ ಬಂದವನು, ಅದೇ ರಾತ್ರಿ ಗೌರೀಕುಂಡದಿಂದ ಕೇದಾರಕ್ಕೆ ನಡೆದು ಹೋಗುವ ಯೋಜನೆಯನ್ನು ಬಿಚ್ಚಿದನು. ಖರ್ಚು, ಚಳಿಯ ಉಡುಪು, ರೈಲಿನ ಹೊತ್ತು ಎಲ್ಲವೂ ಬಾಯಲ್ಲೇ ಇದ್ದವು. ನಮ್ಮಲ್ಲೊಬ್ಬನು ಗೋಡೆಯ ಕಡೆಗೆ ತಿರುಗಿ ಮಲಗಿದನು. ಇವನಿಗೆ ಕರುಳಿಲ್ಲವೆಂದೇ ನಮಗೂ ಅನ್ನಿಸಿತ್ತು. ಸುಮ್ಮನಿರಲಾರದೆ, "ನಿನ್ನ ಅಮ್ಮನಿಗೆ ಕೇದಾರ ನೋಡುವ ಆಸೆ ಇತ್ತೇನೋ?" ಎಂದು ಕೇಳಿದೆವು.

ಅವನ ಮಾತು ನಿಂತಿತು. ಅವನು ಸುಮ್ಮನಾದುದನ್ನು ನಾವು ಅದುವರೆಗೆ ಕಂಡಿರಲಿಲ್ಲ. ಆಮೇಲೆ ತಗ್ಗಿದ ದನಿಯಲ್ಲಿ ತಾಯಿಯ ಸುದ್ದಿಯನ್ನು ತೆಗೆದನು. ಹಾಲಿನವನು ಬಂದು ಬಾಗಿಲು ತಟ್ಟುವವರೆಗೂ ಅವನು ಹೇಳುತ್ತಲೇ ಇದ್ದನು, ನಾವು ಕೇಳುತ್ತಲೇ ಇದ್ದೆವು.