ತೌಡಿನ ಜೊತೆಗೇ ಒಂದು ತುತ್ತು

ಭತ್ತದ ಹೊರಸಿಪ್ಪೆಯನ್ನಷ್ಟೇ ತೆಗೆದಾಗ ಸಿಗುವ ಕಂದು ಕಾಳೇ ಪಾಲಿಷ್ ಮಾಡದ ಅಕ್ಕಿ. ಹಿಂದೆ ಮನೆಗಳಲ್ಲಿ ಒನಕೆಯಿಂದ ಕುಟ್ಟುತ್ತಿದ್ದ ಕೊಟ್ಟಣದಕ್ಕಿ ಇದರ ಹತ್ತಿರದ ಬಂಧು. ಗಿರಣಿಯಲ್ಲಿ ಅದನ್ನು ಇನ್ನಷ್ಟು ಉಜ್ಜಿದರೆ ತೌಡೂ ಮೊಳಕೆಯ ಭಾಗವೂ ಉದುರಿ, ಪಿಷ್ಟದ ಬಿಳಿ ತಿರುಳು ಉಳಿಯುತ್ತದೆ. ತೌಡು ದನದ ಕಲಗಚ್ಚಿಗೆ ಹೋಗುತ್ತದೆ; ಅದರೊಂದಿಗೆ ನಾರು ಮತ್ತು ಬಿ-1 ಜೀವಸತ್ವದ ಬಹುಪಾಲೂ ಹೋಗುತ್ತದೆ.

ಹೋದರೇನಂತೆ ಎನ್ನುವಿರಾ? 1890ರ ಆಸುಪಾಸಿನಲ್ಲಿ ಜಾವಾ ದ್ವೀಪದಲ್ಲಿ ಬೆರಿಬೆರಿ ರೋಗ ಜನರ ಕಾಲುಗಳ ಬಲ ಉಡುಗಿಸಿ, ಹೃದಯ ಕೆಡಿಸಿ ಕೊಲ್ಲುತ್ತಿತ್ತು. ಅದರ ಕಾರಣ ಹುಡುಕುತ್ತಿದ್ದ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್ಮನ್, ಪ್ರಯೋಗಾಲಯದ ಕೋಳಿಗಳೂ ಕಾಲು ಸೋತು ಬೀಳುವುದನ್ನು ಕಂಡರು. ಅವು ತಿನ್ನುತ್ತಿದ್ದುದು ಸೈನಿಕ ಆಸ್ಪತ್ರೆಯಲ್ಲಿ ಮಿಕ್ಕ ಬಿಳಿ ಅನ್ನ. ಹೊಸದಾಗಿ ಬಂದ ಅಡುಗೆಯವನು, ಸೈನಿಕರ ಅನ್ನ ಕೋಳಿಗಳಿಗೇಕೆಂದು ನಿಲ್ಲಿಸಿಬಿಟ್ಟ! ಪಾಲಿಷ್ ಮಾಡದ ಅಕ್ಕಿ ತಿಂದ ಕೋಳಿಗಳು ಚೇತರಿಸಿಕೊಂಡವು. ಪಿಷ್ಟದಲ್ಲೇ ವಿಷವಿದೆಯೆಂದು ಐಕ್ಮನ್ ಮೊದಲು ಭಾವಿಸಿದ್ದರು. ಆಹಾರದಲ್ಲಿ ಏನೋ ಕೊರತೆಯಾದದ್ದೇ ಕಾರಣವೆಂದು 1901ರಲ್ಲಿ ತಿಳಿಸಿದವರು ಸಹೋದ್ಯೋಗಿ ಗೆರಿಟ್ ಗ್ರೈನ್ಸ್. 1929ರ ನೊಬೆಲ್ ಬಹುಮಾನದಲ್ಲಿ ಪಾಲು ಸಿಕ್ಕಿದ್ದು ಮಾತ್ರ ಐಕ್ಮನ್ನರಿಗೆ.

ನಮ್ಮ ಕರಾವಳಿಯ ಕುಚ್ಚಲಕ್ಕಿಯ ಜಾಣ್ಮೆಯನ್ನೂ ನೋಡಿ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿದ ಮೇಲೆ ಗಿರಣಿಗೆ ಹಾಕುವುದರಿಂದ ಬಿ-1 ಕಾಳಿನೊಳಕ್ಕೆ ಇಳಿದಿರುತ್ತದೆ. ತೌಡು ಹೋದರೂ ಅದು ಪೂರಾ ನಷ್ಟವಾಗುವುದಿಲ್ಲ.

ಇನ್ನು ಅಡುಗೆ. "ಈ ಅಕ್ಕಿ ಬೇಯುವುದೇ ಇಲ್ಲ" ಎಂದು ಮನೆಯಲ್ಲಿ ಅಮ್ಮ ಗೊಣಗಿದರೆ ಅದರಲ್ಲಿ ನಿಜವಿದೆ. ತೌಡಿನ ಪದರ ನೀರನ್ನು ಬೇಗ ಒಳಗೆ ಬಿಡುವುದಿಲ್ಲ. ಹಾಗಾಗಿ ಒಂದು ಪಾವು ಅಕ್ಕಿಯನ್ನು ಹಗುರವಾಗಿ ತೊಳೆದು, ಎರಡೂವರೆ ಪಾವು ನೀರಿನಲ್ಲಿ ನಾಲ್ಕು ಗಂಟೆ ನೆನೆಯಲು ಬಿಡಿ. ಆಮೇಲೆ ಅದೇ ನೀರಿನಲ್ಲೇ ಬೇಯಿಸಿ. ಬಿ-1 ನೀರಿನಲ್ಲಿ ಕರಗುವಂಥದ್ದು. ನೆನೆಸಿದ ನೀರನ್ನೋ ಗಂಜಿಯನ್ನೋ ಚೆಲ್ಲಿದರೆ ಅದರಲ್ಲಿ ಸ್ವಲ್ಪ ಭಾಗ ಬಚ್ಚಲಿಗೆ ಹೋದಂತೆ. ಕುಕ್ಕರ್ ಒಂದು ಸಲ ಕೂಗಿದ ಬಳಿಕ ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ಇಟ್ಟು, ಆವಿ ತಾನಾಗಿ ಇಳಿಯುವವರೆಗೆ ಕಾಯಿರಿ. ಬೇಗ ಬೇಯಲೆಂದು ಅಡುಗೆ ಸೋಡಾ ಹಾಕಲೇಬೇಡಿ, ಅದು ಬಿ-1 ಅನ್ನು ನಾಶಮಾಡುತ್ತದೆ. ಅಭ್ಯಾಸವಾಗಲೆಂದು ಬಿಳಿ ಅಕ್ಕಿಯನ್ನು ಒಂದೇ ಪಾತ್ರೆಗೆ ಬೆರೆಸಿದರೆ, ಕಂದು ಕಾಳು ಬೇಯುವಷ್ಟರಲ್ಲಿ ಬಿಳಿಯದು ಮುದ್ದೆಯಾಗಿರುತ್ತದೆ. ಬೇರೆಬೇರೆ ಬೇಯಿಸಿ ತಟ್ಟೆಯಲ್ಲಿ ಕಲಸಿಕೊಳ್ಳುವುದೇ ಲೇಸು.

ಈ ಅನ್ನ ತಿಳಿಸಾರಿಗೆ ಅಷ್ಟಾಗಿ ಒಗ್ಗದು, ಸಾರನ್ನು ಹೀರದೆ ಪಕ್ಕಕ್ಕೆ ನಿಲ್ಲಿಸಿಬಿಡುತ್ತದೆ. ಗಟ್ಟಿ ಹುಳಿ, ಬಸ್ಸಾರು, ಮೊಸರಿಗೆ ಚೆನ್ನ. ಅನ್ನ ಉದುರುದುರಾಗಿರುವುದರಿಂದ ಚಿತ್ರಾನ್ನಕ್ಕಂತೂ ಬಹಳ ಸೊಗಸು. ನಿಧಾನವಾಗಿ ಅಗಿದರೆ ಕಾಯಿಬೀಜದಂಥ ರುಚಿ ತಿಳಿಯುತ್ತದೆ. ತೌಡಿನಲ್ಲಿ ಎಣ್ಣೆಯಂಶ ಇರುವುದರಿಂದ ಈ ಅಕ್ಕಿ ಬೇಗ ಕಮಟು ಹಿಡಿಯುತ್ತದೆ; ಒಂದು ತಿಂಗಳಿಗೆ ಬೇಕಾದಷ್ಟನ್ನೇ ಕೊಂಡು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ.